ಪದವಿ ಮುಗಿದು ಏಳು ತಿಂಗಳು: ಬಾಂಡ್ ಇರುವ ಕೆಲಸವೋ, ಇಂಟರ್ನ್‌ಶಿಪ್ಪೋ, ಮತ್ತೆ ಓದೋ?

ಪ್ರಶ್ನೆ: ಮೇಡಂ, ನಾನು ಅರ್ಥಶಾಸ್ತ್ರದಲ್ಲಿ ಪದವಿ ಮುಗಿಸಿ ಏಳು ತಿಂಗಳಾಯಿತು. ವಯಸ್ಸು 22. ಅಂಕಗಳು ಚೆನ್ನಾಗಿವೆ. ಇಲ್ಲಿಯವರೆಗೆ 60ಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದ್ದೇನೆ. ನಾಲ್ಕು ಸಂದರ್ಶನಗಳಾದವು, ನಾಲ್ಕು ಕಡೆಯೂ ‘ತಿಳಿಸುತ್ತೇವೆ’ ಎಂದವರು ಏನನ್ನೂ ತಿಳಿಸಲಿಲ್ಲ. ಈಗ ಒಂದು ಕಂಪನಿಯ ಗ್ರಾಹಕ ಸೇವಾ ವಿಭಾಗದಲ್ಲಿ ಫೋನ್ ಕರೆಗಳಿಗೆ ಉತ್ತರಿಸುವ ಕೆಲಸ ಸಿಕ್ಕಿದೆ. ಸಂಬಳ ಪರವಾಗಿಲ್ಲ, ಆದರೆ ಎರಡು ವರ್ಷದ ಬಾಂಡ್‌ಗೆ ಸಹಿ ಹಾಕಬೇಕು. ನಡುವೆ ಬಿಟ್ಟರೆ ಐದು ತಿಂಗಳ ಸಂಬಳದಷ್ಟು ಹಣ ಕಟ್ಟಬೇಕು. ಇನ್ನೊಂದು ಕಡೆ, ಸಮೀಕ್ಷೆಗಳನ್ನು ನಡೆಸುವ ಸಣ್ಣ ಸಂಸ್ಥೆಯೊಂದು ಆರು ತಿಂಗಳ ಇಂಟರ್ನ್‌ಶಿಪ್‌ಗೆ ಬರಲು ಹೇಳಿದೆ. ಅಲ್ಲಿ ಸಿಗುವುದು ಈ ಸಂಬಳದ ಅರ್ಧಕ್ಕಿಂತ ಕಡಿಮೆ, ಮುಂದೆ ಕೆಲಸ ಕೊಡುವ ಭರವಸೆಯೂ ಇಲ್ಲ. ಅಪ್ಪ ‘ಸಾಲ ಮಾಡೋಣ, ಸ್ನಾತಕೋತ್ತರ ಪದವಿಗೆ ಸೇರು’ ಎನ್ನುತ್ತಾರೆ. ನನಗೆ ನಿಜವಾಗಿ ಏನು ಇಷ್ಟ ಎಂಬುದೇ ಗೊತ್ತಿಲ್ಲ. ಜೊತೆಯಲ್ಲಿ ಓದಿದವರು ಕಚೇರಿಯ ಫೋಟೊ ಹಾಕುವುದನ್ನು ನೋಡಿದಾಗ ಮೊಬೈಲ್ ಮುಟ್ಟುವುದೇ ಬೇಡ ಅನ್ನಿಸುತ್ತದೆ. ಇನ್ನೂ ಖಾಲಿ ಕುಳಿತರೆ ರೆಸ್ಯೂಮ್‌ನಲ್ಲಿ ಗ್ಯಾಪ್ ಬಿದ್ದು ಯಾರೂ ಕರೆಯುವುದಿಲ್ಲ ಎಂದು ಎಲ್ಲರೂ ಹೆದರಿಸುತ್ತಾರೆ. ಮೊದಲ ಕೆಲಸ ತಪ್ಪಿದರೆ ಬದುಕೆಲ್ಲ ಅದೇ ದಾರಿಯಲ್ಲಿ ಹೋಗಿಬಿಡುತ್ತದೆಯೇ? ಕಂಪನಿಗೆ ಹತ್ತು ದಿನದೊಳಗೆ ಉತ್ತರ ಕೊಡಬೇಕು.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ಗಂಟು ಬಿದ್ದಿವೆ. ಹತ್ತು ದಿನದೊಳಗೆ ಯಾವುದಕ್ಕೆ ಹೂಂ ಎನ್ನಬೇಕು ಎಂಬುದು ಒಂದು. ಏಳು ತಿಂಗಳಿಂದ ಕಾದು ಕಾದು ಬಂದಿರುವ ದಣಿವು ಇನ್ನೊಂದು. ದಣಿದಿರುವಾಗ ಯಾರು ಮೊದಲು ಕರೆಯುತ್ತಾರೋ ಅವರೇ ಸರಿಯಾದವರಂತೆ ಕಾಣುತ್ತಾರೆ. ಹಾಗಾಗಿ ಗಂಟನ್ನು ಬಿಡಿಸಿಯೇ ನೋಡೋಣ. ನಾನು ಬಹಳ ಕಾಲ ಕಂಪನಿಗಳಿಗೆ ಜನರನ್ನು ಆರಿಸಿಕೊಡುವ ಕೆಲಸದಲ್ಲಿದ್ದು, ಆಮೇಲೆ ವೃತ್ತಿ ಸಲಹೆಗೆ ಬಂದವಳು. ಸಂದರ್ಶನದ ಮೇಜಿನ ಎರಡೂ ಬದಿಯನ್ನು ಕಂಡಿದ್ದೇನೆ.

ಮೊದಲು ಆ ಗ್ಯಾಪ್ ವಿಷಯ. ‘ಕೂತು ಉಂಡರೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆ ಹಣದ ಮಟ್ಟಿಗೆ ನಿಜ. ಅದನ್ನೇ ರೆಸ್ಯೂಮ್‌ಗೂ ಅನ್ವಯಿಸಿ, ಖಾಲಿ ಇರುವುದಕ್ಕಿಂತ ಯಾವ ಕೆಲಸವಾದರೂ ಮೇಲು ಎಂದು ಮನೆಯವರೂ ನೆಂಟರೂ ಹೇಳುತ್ತಾರೆ. ನೇಮಕಾತಿ ಮಾಡುವವರ ಕಣ್ಣಿಗೆ ಕಾಣುವುದು ಬೇರೆ. ಈಗಷ್ಟೇ ಪದವಿ ಮುಗಿಸಿದವರ ಅರ್ಜಿ ನೋಡುವಾಗ ಏಳೆಂಟು ತಿಂಗಳನ್ನು ಯಾರೂ ಬೆರಳು ಮಡಚಿ ಎಣಿಸುವುದಿಲ್ಲ. ‘ಈ ನಡುವೆ ಏನು ಮಾಡುತ್ತಿದ್ದಿರಿ?’ ಎಂದು ಕೇಳುವುದುಂಟು. ಆ ಪ್ರಶ್ನೆಗೆ ಮುಖ ಸಣ್ಣದು ಮಾಡಿಕೊಂಡು ಕ್ಷಮೆ ಕೇಳುವಂತೆ ಮಾತನಾಡುವವರು ಕೆಲಸ ಕಳೆದುಕೊಳ್ಳುತ್ತಾರೆ. ಮಾಡಿದ ಒಂದೆರಡು ಕೆಲಸಗಳನ್ನು ನೇರವಾಗಿ ಹೇಳುವವರಿಗೆ ಮುಂದಿನ ಪ್ರಶ್ನೆ ಬರುತ್ತದೆ.

ಇದು ನನ್ನ ಅನುಭವ ಮಾತ್ರವಲ್ಲ, ಸಂಶೋಧಕರೂ ಇದನ್ನು ಪರೀಕ್ಷಿಸಿದ್ದಾರೆ. ಕಾಲ್ಪನಿಕ ಹೆಸರಿನಲ್ಲಿ ಸಾವಿರಾರು ರೆಸ್ಯೂಮ್‌ಗಳನ್ನು ತಯಾರಿಸಿ, ಒಂದೆರಡು ವಿವರಗಳನ್ನಷ್ಟೇ ಬದಲಿಸಿ, ನಿಜವಾದ ಉದ್ಯೋಗ ಜಾಹೀರಾತುಗಳಿಗೆ ಕಳುಹಿಸುವುದು ಅವರ ವಿಧಾನ. ಯಾರಿಗೆ ಹೆಚ್ಚು ಕರೆ ಬಂತು ಎಂದು ಎಣಿಸಿದರೆ ಆ ವಿವರದ ಪರಿಣಾಮ ಗೊತ್ತಾಗುತ್ತದೆ. ಅಮೆರಿಕದಲ್ಲಿ ಹೀಗೆ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೆಲಸವಿಲ್ಲದ ಅವಧಿ ಹೆಚ್ಚಾದಂತೆ ಸಂದರ್ಶನದ ಕರೆಗಳು ಕಡಿಮೆಯಾದವು. ಇಳಿಕೆಯ ಬಹುಪಾಲು ಮೊದಲ ಎಂಟು ತಿಂಗಳಲ್ಲೇ ಇತ್ತು. ನಿಮ್ಮನ್ನು ಹೆದರಿಸುವವರ ಪರವಾಗಿ ಇದೊಂದು ಸಾಕ್ಷಿ. ಆದರೆ ಹೊಸ ಪದವೀಧರರನ್ನೇ ಗುರಿಯಾಗಿಟ್ಟುಕೊಂಡು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನಕ್ಕೆ ಸಿಕ್ಕಿದ್ದು ಬೇರೆ ಚಿತ್ರ. ಅಲ್ಲಿ ಕೆಲಸವಿಲ್ಲದೆ ಕಳೆದ ತಿಂಗಳುಗಳಿಂದ ಕರೆಗಳು ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಪದವಿಯೇ ಬೇಕಿಲ್ಲದ ಕೆಲಸದಲ್ಲಿರುವವರಿಗೆ: ಓದಿಗೆ ತಕ್ಕ ಕೆಲಸದಲ್ಲಿದ್ದವರಿಗೆ ಹೋಲಿಸಿದರೆ ಇವರಿಗೆ ಬಂದ ಕರೆಗಳು ಶೇ 30ರಷ್ಟು ಕಡಿಮೆ.

ಎರಡೂ ಒಂದೇ ದೇಶದ ಫಲಿತಾಂಶಗಳು, ಎಲ್ಲ ಕಡೆಗೂ ಎಲ್ಲ ಉದ್ಯೋಗಕ್ಕೂ ಅಳತೆಗೋಲಾಗಲಾರವು. ಆದರೂ ‘ಯಾವುದಾದರೂ ಸರಿ, ಒಂದು ಕೆಲಸ ಹಿಡಿ’ ಎಂಬ ಮಾತನ್ನು ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದಕ್ಕೆ ಅಷ್ಟು ಸಾಕು. ಎರಡು ವರ್ಷ ಗ್ರಾಹಕ ಸೇವೆಯಲ್ಲಿದ್ದವರ ರೆಸ್ಯೂಮ್ ನೋಡಿದವರು ಅವರನ್ನು ಗ್ರಾಹಕ ಸೇವೆಯವರೆಂದೇ ಓದುತ್ತಾರೆ. ಅರ್ಥಶಾಸ್ತ್ರ ಎಂಬುದು ಕೊನೆಯ ಸಾಲಿಗೆ ಇಳಿದಿರುತ್ತದೆ.

ಹಾಗೆಂದು ಆ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ರೇಗಿದ ಮನುಷ್ಯನ ಮಾತನ್ನು ಪೂರ್ತಿ ಕೇಳಿ, ಅವನ ತೊಂದರೆ ಯಾವುದೆಂದು ಎರಡು ನಿಮಿಷದಲ್ಲಿ ಪತ್ತೆ ಹಚ್ಚುವುದು ಸಣ್ಣ ವಿದ್ಯೆಯಲ್ಲ. ಅಲ್ಲಿಂದ ಮಾರಾಟ, ತರಬೇತಿ, ಕಾರ್ಯಾಚರಣೆಯ ವಿಭಾಗಗಳಿಗೆ ಹೋಗಿ ಚೆನ್ನಾಗಿ ಬೆಳೆದವರನ್ನು ನಾನು ಕಂಡಿದ್ದೇನೆ. ಆ ದಿಕ್ಕಿನಲ್ಲಿ ಹೋಗಬೇಕೆಂದಿದ್ದರೆ ನಾಳೆಯೇ ಸೇರಿ ಎನ್ನುತ್ತಿದ್ದೆ. ನಿಮ್ಮ ವಿಷಯದಲ್ಲಿ ನನಗೆ ಕಿರಿಕಿರಿ ಮಾಡುತ್ತಿರುವುದು ಫೋನ್ ಕರೆಗಳಿಗಿಂತ ಆ ಬಾಂಡ್.

ಯಾಕೆಂದು ಹೇಳುತ್ತೇನೆ. ಮೊದಲ ಕೆಲಸವೇ ಹಣೆಬರಹವೇ ಎಂದು ಕೇಳಿದ್ದೀರಿ. ಅಲ್ಲ. ರಾಬರ್ಟ್ ಟೋಪೆಲ್ ಮತ್ತು ಮೈಕೆಲ್ ವಾರ್ಡ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಯುವಕರ ಉದ್ಯೋಗ ದಾಖಲೆಗಳನ್ನು ಅಧ್ಯಯನ ಮಾಡಿ 1992ರಲ್ಲಿ ಒಂದು ಲೇಖನ ಪ್ರಕಟಿಸಿದರು. ದುಡಿಮೆಗಿಳಿದ ಮೊದಲ ಹತ್ತು ವರ್ಷಗಳಲ್ಲಿ ಆ ಯುವಕರು ಸರಾಸರಿ ಏಳು ಕಡೆ ಕೆಲಸ ಮಾಡಿದ್ದರು. ಆ ಅವಧಿಯಲ್ಲಿ ಸಂಬಳ ಏರಿದ್ದರಲ್ಲಿ ಕನಿಷ್ಠ ಮೂರನೇ ಒಂದು ಪಾಲು ಬಂದದ್ದು ಕೆಲಸ ಬದಲಿಸಿದಾಗ. ಆರ್ಥಿಕ ಹಿಂಜರಿತದ ವರ್ಷದಲ್ಲಿ ಪದವಿ ಮುಗಿಸಿದ ಕೆನಡಾದ ವಿದ್ಯಾರ್ಥಿಗಳ ಮೇಲೆ 2012ರಲ್ಲಿ ಬಂದ ಅಧ್ಯಯನವೂ ಇದೇ ಕಡೆ ಬೆರಳು ತೋರಿಸುತ್ತದೆ. ಅವರ ಗಳಿಕೆ ಆರಂಭದಲ್ಲಿ ಉಳಿದವರಿಗಿಂತ ಶೇ 9ರಷ್ಟು ಕಡಿಮೆ ಇತ್ತು. ಐದು ವರ್ಷದಲ್ಲಿ ಆ ಅಂತರ ಅರ್ಧಕ್ಕಿಳಿದು, ಹತ್ತು ವರ್ಷದ ಹೊತ್ತಿಗೆ ಅಳಿಸಿಹೋಯಿತು. ಅವರು ಚೇತರಿಸಿಕೊಂಡದ್ದು ಬಹುಮಟ್ಟಿಗೆ ಮೊದಲ ಕಂಪನಿಯನ್ನು ಬಿಟ್ಟು ಹೆಚ್ಚು ಸಂಬಳ ಕೊಡುವ ಕಂಪನಿಗಳಿಗೆ ಹೋದದ್ದರಿಂದ.

ಅಂದರೆ ಮೊದಲ ಕೆಲಸ ಕೆಟ್ಟದ್ದಾದರೂ ಸರಿಪಡಿಸಿಕೊಳ್ಳಬಹುದು. ಆದರೆ ಸರಿಪಡಿಸಿಕೊಳ್ಳುವ ಸಾಧನ ಒಂದೇ: ಹೊರಡುವ ಸ್ವಾತಂತ್ರ್ಯ. ಬಾಂಡ್ ಕೊಂಡುಕೊಳ್ಳುವುದು ನಿಖರವಾಗಿ ಅದನ್ನೇ. ನಿಮ್ಮ ವಯಸ್ಸಿನವರ ಕೈಯಲ್ಲಿರುವ ಅತಿ ಬೆಲೆಬಾಳುವ ವಸ್ತುವನ್ನು ಪರವಾಗಿಲ್ಲದ ಸಂಬಳಕ್ಕೆ ಎರಡು ವರ್ಷ ಒತ್ತೆ ಇಡುವಂತೆ ಅವರು ಕೇಳುತ್ತಿದ್ದಾರೆ. ಮುಂದೆ ಯಾವ ಆಯ್ಕೆಯನ್ನು ತೂಗುವಾಗಲೂ, ಒಂದು ವರ್ಷದ ನಂತರ ಇಲ್ಲಿಂದ ಎಲ್ಲಿಗೆ ಹೋಗಬಹುದು, ಹೋಗಲು ಬಿಡುತ್ತಾರೆಯೇ ಎಂಬುದನ್ನು ಮೊದಲು ನೋಡಿ, ಸಂಬಳವನ್ನು ಆಮೇಲೆ ನೋಡಿ.

ಇಷ್ಟವೇನೆಂದು ಗೊತ್ತಿಲ್ಲ ಎಂದಿದ್ದೀರಿ. ನನ್ನಲ್ಲಿಗೆ ಬರುವ ಈ ವಯಸ್ಸಿನವರಲ್ಲಿ ಗೊತ್ತಿರುವವರೇ ವಿರಳ. ಎಲ್ಲೋ ಒಂದು ಕಡೆ ನಮಗಾಗಿಯೇ ಇರುವ ಕೆಲಸವಿದೆ, ಅದನ್ನು ಹುಡುಕಬೇಕು ಎಂಬ ಕಲ್ಪನೆ ಮಾಡುವ ಹಾನಿ ದೊಡ್ಡದು. ಮನೋವಿಜ್ಞಾನಿಗಳಾದ ಪಾಲ್ ಒಕೀಫ್, ಕ್ಯಾರಲ್ ಡ್ವೆಕ್ ಮತ್ತು ಗ್ರೆಗರಿ ವಾಲ್ಟನ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆಸಕ್ತಿ ಎಂಬುದು ಒಳಗೆ ಮೊದಲೇ ಇರುತ್ತದೆ ಎಂದು ನಂಬಿದವರು ಹೊಸ ವಿಷಯ ಸ್ವಲ್ಪ ಕಠಿಣವಾದ ಕೂಡಲೇ ಆಸಕ್ತಿ ಕಳೆದುಕೊಂಡರು. ಆಸಕ್ತಿ ಮಾಡುತ್ತ ಮಾಡುತ್ತ ಬೆಳೆಯುತ್ತದೆ ಎಂದುಕೊಂಡವರು ಅಷ್ಟು ಬೇಗ ಕೈ ಚೆಲ್ಲಲಿಲ್ಲ. ನಾನು ಸಲಹೆಗೆ ಬಂದವರಿಗೆ ಇಷ್ಟದ ಬಗ್ಗೆ ಕೇಳುವುದನ್ನೇ ಬಿಟ್ಟಿದ್ದೇನೆ. ಅದರ ಬದಲು, ಯಾವ ಬೇಸರವನ್ನು ನೀವು ಸಹಿಸಬಲ್ಲಿರಿ ಎಂದು ಕೇಳುತ್ತೇನೆ. ಪ್ರತಿ ಉದ್ಯೋಗದಲ್ಲೂ ಅದರದೇ ಬೇಸರದ ಭಾಗ ಇರುತ್ತದೆ. ಗ್ರಾಹಕ ಸೇವೆಯಲ್ಲಿ ಒಂದೇ ದೂರನ್ನು ದಿನಕ್ಕೆ ನಲವತ್ತು ಸಲ ಕೇಳಬೇಕು. ಸಮೀಕ್ಷೆಯ ಕೆಲಸದಲ್ಲಿ ವಯಸ್ಸಿನ ಕಾಲಂನಲ್ಲಿ 200 ಎಂದು ಬರೆದವರನ್ನು ಹುಡುಕಿ, ಮತ್ತೆ ಫೋನ್ ಮಾಡಿ ತಿದ್ದಬೇಕು. ಸಂಶೋಧನೆಯಲ್ಲಿ ಒಂದೇ ಅಧ್ಯಾಯವನ್ನು ಆರನೇ ಸಲ ಬರೆಯಬೇಕು. ಮೂರರಲ್ಲಿ ಯಾವುದನ್ನು ಓದುವಾಗ ನಿಮಗೆ ‘ಇದನ್ನು ಮಾಡಬಹುದು’ ಅನ್ನಿಸಿತೋ ಅದರತ್ತ ಹೋಗಿ. ನೆಪಮಾತ್ರದ ಪ್ರಶ್ನೆಯಂತೆ ಕಂಡರೂ ಇದು ಬಹಳ ಜನರ ವಿಷಯದಲ್ಲಿ ಕೆಲಸ ಮಾಡಿದೆ.

ಇನ್ನು ಆ ಏಳು ತಿಂಗಳ ದಣಿವು. ಅದನ್ನು ನೀವು ನಿಮ್ಮ ದೌರ್ಬಲ್ಯ ಎಂದುಕೊಂಡಂತಿದೆ. 1930ರ ಸುಮಾರಿಗೆ ಆಸ್ಟ್ರಿಯಾದ ವಿಯೆನ್ನಾ ಹತ್ತಿರದ ಮಾರಿಯೆಂತಾಲ್ ಎಂಬ ಊರಿನಲ್ಲಿ, ಇಡೀ ಊರಿಗೆ ಅನ್ನ ಕೊಡುತ್ತಿದ್ದ ಬಟ್ಟೆ ಕಾರ್ಖಾನೆ ಮುಚ್ಚಿತು. ಮಾರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಜೈಸೆಲ್ ತಮ್ಮ ತಂಡದೊಡನೆ ಅಲ್ಲಿಗೆ ಹೋಗಿ ಜನರ ದಿನಚರಿಯನ್ನು ದಾಖಲಿಸಿದರು. 1933ರಲ್ಲಿ ಅದು ಪ್ರಕಟವಾಯಿತು. ಕೈತುಂಬ ಬಿಡುವು ಸಿಕ್ಕ ಜನ ಹೆಚ್ಚು ಓದಬಹುದು, ಹೆಚ್ಚು ಸಂಘಟಿತರಾಗಬಹುದು ಎಂದು ಯಾರಾದರೂ ಊಹಿಸುತ್ತಾರೆ. ಆದದ್ದು ತಿರುಗುಮುರುಗು. ಊರಿನ ಗ್ರಂಥಾಲಯದಿಂದ ಒಯ್ಯುವ ಪುಸ್ತಕಗಳ ಸಂಖ್ಯೆ ಸುಮಾರು ಅರ್ಧಕ್ಕಿಳಿಯಿತು. ಸಂಶೋಧಕರು ಬೀದಿಯಲ್ಲಿ ನಡೆಯುವವರ ವೇಗವನ್ನೂ ಅಳೆದರು: ಕೆಲಸ ಕಳೆದುಕೊಂಡ ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಮನೆಗೆಲಸ ಇದ್ದೇ ಇದ್ದ ಹೆಂಗಸರ ನಡಿಗೆ ಅಷ್ಟು ನಿಧಾನವಾಗಿರಲಿಲ್ಲ. ದಿನವೆಲ್ಲ ಏನು ಮಾಡಿದಿರಿ ಎಂದು ಕೇಳಿದರೆ ಗಂಡಸರಿಗೆ ಹೇಳಲು ತೋಚುತ್ತಿರಲಿಲ್ಲ.

ಯಹೋಡಾ ಮುಂದೆ ಇದರಿಂದಲೇ ಒಂದು ವಾದವನ್ನು ಕಟ್ಟಿದರು. ಉದ್ಯೋಗವು ಸಂಬಳದ ಜೊತೆಗೆ ಕಣ್ಣಿಗೆ ಕಾಣದ ಐದು ಸಂಗತಿಗಳನ್ನು ಕೊಡುತ್ತದೆ: ದಿನಕ್ಕೊಂದು ವೇಳಾಪಟ್ಟಿ, ಮನೆಯವರಲ್ಲದವರ ಒಡನಾಟ, ಹಲವರು ಕೂಡಿ ಮಾಡುವ ಗುರಿ, ಸಮಾಜದಲ್ಲೊಂದು ಗುರುತು, ಬೇಡವೆಂದರೂ ಮಾಡಲೇಬೇಕಾದ ಚಟುವಟಿಕೆ. ಈ ಐದನ್ನೂ ಕಾಲೇಜು ಕೂಡ ಕೊಡುತ್ತಿತ್ತು. ಚಿಕ್ಕಂದಿನಿಂದ ಗಂಟೆ ಬಾರಿಸಿದಾಗ ಎದ್ದು, ಪರೀಕ್ಷೆ ಬರೆದು, ಎಷ್ಟು ಅಂಕ ಬಂತೆಂದು ತಿಳಿದುಕೊಂಡು ಬೆಳೆದವರಿಗೆ ಅದೆಲ್ಲವೂ ಒಂದೇ ದಿನ ನಿಂತುಹೋಗುತ್ತದೆ. ಅದರ ಮೇಲೆ 60 ಅರ್ಜಿಗಳಿಗೆ ಯಾವ ಅಂಕವೂ ಇಲ್ಲ, ಬರೀ ಮೌನ. ಮನಸ್ಸು ಕುಗ್ಗದಿದ್ದರೆ ಆಶ್ಚರ್ಯ.

ಆದ್ದರಿಂದ ಯಾವ ದಾರಿ ಹಿಡಿದರೂ, ಕೆಲಸಕ್ಕೆ ಸೇರುವ ದಿನದವರೆಗೆ ಆ ಐದರಲ್ಲಿ ಎರಡನ್ನಾದರೂ ನೀವೇ ಕಟ್ಟಿಕೊಳ್ಳಿ. ಬೆಳಿಗ್ಗೆ ಒಂದು ಹೊತ್ತಿಗೆ ಮನೆಯಿಂದ ಹೊರಟು ಗ್ರಂಥಾಲಯಕ್ಕೋ ಬೇರೆಲ್ಲಿಗೋ ಹೋಗಿ ಮೂರು ಗಂಟೆ ಅರ್ಜಿಯ ಕೆಲಸ ಮಾಡಿ, ಅಲ್ಲಿಗೆ ಮುಗಿಸಿ. ಇಡೀ ದಿನ ಹುಡುಕುವವರಿಗಿಂತ ಹೀಗೆ ಮಾಡುವವರ ಅರ್ಜಿಗಳು ಚೆನ್ನಾಗಿರುತ್ತವೆ. ಗೆಳೆಯರ ಫೋಟೊಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೇಮಕಾತಿ ಪತ್ರದ ಫೋಟೊ ಹಾಕುತ್ತಾರೆ, ಬಾಂಡ್‌ನ ಪುಟದ ಫೋಟೊವನ್ನು ಯಾರೂ ಹಾಕುವುದಿಲ್ಲ. ಆದರೆ ಒಂದು ಮಾತು: ಎರಡು ವಾರಕ್ಕೂ ಮೀರಿ ನಿದ್ರೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಬೇಡವೆನ್ನಿಸುತ್ತಿದ್ದರೆ ವೈದ್ಯರನ್ನು ಕಾಣಿ. ಅದು ವೃತ್ತಿ ಸಲಹೆಯಿಂದ ವಾಸಿಯಾಗುವಂಥದ್ದಲ್ಲ.

60 ಅರ್ಜಿಗೆ ನಾಲ್ಕು ಸಂದರ್ಶನ ಎಂಬ ಲೆಕ್ಕ ನಿಮಗೆ ಸೋಲಿನಂತೆ ಕಂಡಿದೆ. ನನಗೆ ಹಾಗೆ ಕಾಣುವುದಿಲ್ಲ. ಬಹಿರಂಗ ಜಾಹೀರಾತಿಗೆ ನೂರಾರು ಅರ್ಜಿಗಳು ಬರುತ್ತವೆ, ಅನೇಕ ಕಡೆ ಮೊದಲ ಜರಡಿ ಹಿಡಿಯುವುದು ತಂತ್ರಾಂಶ. ಅದನ್ನು ದಾಟಿ ನಾಲ್ಕು ಕಡೆ ಕರೆ ಬಂದಿದೆಯೆಂದರೆ ರೆಸ್ಯೂಮ್ ಚೆನ್ನಾಗಿಯೇ ಇದೆ ಎಂದರ್ಥ. ನಾಲ್ಕು ಸಂದರ್ಶನಗಳಿಂದ ನಿಮ್ಮ ಬಗ್ಗೆ ಯಾವ ತೀರ್ಮಾನವನ್ನೂ ಮಾಡುವಂತಿಲ್ಲ, ಅಷ್ಟು ಸಣ್ಣ ಸಂಖ್ಯೆ ಅದು. ಅರ್ಥಶಾಸ್ತ್ರ ಓದಿದವರಿಗೆ ಇದನ್ನು ನಾನು ಹೇಳಬೇಕಿಲ್ಲ. ‘ತಿಳಿಸುತ್ತೇವೆ’ ಎಂದು ಹೇಳಿ ಸುಮ್ಮನಾಗುವುದು ಅವರ ಅಶಿಸ್ತು. ತೆರೆಯ ಹಿಂದೆ ಆ ಹುದ್ದೆಯೇ ರದ್ದಾಗಿರುತ್ತದೆ, ಒಳಗಿನವರಿಗೆ ಹೋಗಿರುತ್ತದೆ, ಇಲ್ಲವೇ ಸಹಿ ಹಾಕಬೇಕಾದವರು ರಜೆಯಲ್ಲಿರುತ್ತಾರೆ. ಇವೆಲ್ಲವನ್ನೂ ನಾನು ಒಳಗಿನಿಂದ ನೋಡಿದ್ದೇನೆ.

ನೀವು ತಪ್ಪಿದ್ದು ಬೇರೆ ಕಡೆ. 60 ಅರ್ಜಿಗಳ ಲೆಕ್ಕ ಕೊಟ್ಟಿದ್ದೀರಿ, ಎಷ್ಟು ಜನರ ಜೊತೆ ಮಾತನಾಡಿದಿರಿ ಎಂಬ ಲೆಕ್ಕ ಪತ್ರದಲ್ಲೆಲ್ಲೂ ಇಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಿತರ ಮೂಲಕ ಕೆಲಸ ಪಡೆದವರನ್ನು ‘ಆ ಪರಿಚಿತರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ’ ಎಂದು ಕೇಳಿದ್ದರು. ಪದೇ ಪದೇ ಭೇಟಿಯಾಗುತ್ತಿದ್ದೆವು ಎಂದವರು ಶೇ 17ರಷ್ಟು ಮಾತ್ರ. ಉಳಿದವರೆಲ್ಲ ಆಗೊಮ್ಮೆ ಈಗೊಮ್ಮೆ, ಇಲ್ಲವೇ ಬಲು ಅಪರೂಪಕ್ಕೆ ಕಾಣುತ್ತಿದ್ದವರು. ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೂ, ಅತಿ ಆಪ್ತರಿಗಿಂತ ಅಷ್ಟಿಷ್ಟು ಪರಿಚಯ ಇರುವವರಿಂದಲೇ ಹೊಸ ಕೆಲಸ ಸಿಗುವ ಸಾಧ್ಯತೆ ಹೆಚ್ಚು ಎಂದು ತೋರಿಸಿತು. ಕಾರಣ ಸರಳ. ಆಪ್ತರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಎರಡು ವರ್ಷ ಹಿರಿಯ ವಿದ್ಯಾರ್ಥಿಗೆ, ಪ್ರಾಜೆಕ್ಟ್‌ಗೆ ಮಾರ್ಗದರ್ಶನ ಮಾಡಿದ ಅಧ್ಯಾಪಕರಿಗೆ, ಒಮ್ಮೆ ಉಪನ್ಯಾಸಕ್ಕೆ ಬಂದುಹೋದವರಿಗೆ ಗೊತ್ತಿರುವುದು ಬೇರೆ.

ಅವರಿಗೆ ಬರೆಯುವುದು ಭಿಕ್ಷೆ ಬೇಡಿದಂತೆ ಎಂಬ ಮುಜುಗರ ಅನೇಕರಿಗೆ. ಕೆಲಸ ಕೊಡಿಸಿ ಎಂದು ಕೇಳಬೇಡಿ, ಅವರ ಕೆಲಸದ ಬಗ್ಗೆ ಕೇಳಿ. ಇಷ್ಟು ಸಾಕು: ‘ನಮಸ್ಕಾರ. ನಾನು ನೀವು ಓದಿದ ವಿಭಾಗದಲ್ಲೇ ಈ ವರ್ಷ ಪದವಿ ಮುಗಿಸಿದ್ದೇನೆ. ನೀವು ಸಮೀಕ್ಷೆಯ ಕ್ಷೇತ್ರದಲ್ಲಿದ್ದೀರೆಂದು ತಿಳಿಯಿತು. ಈ ಕೆಲಸಕ್ಕೆ ಹೊಸಬರು ಏನನ್ನು ಕಲಿತು ಬಂದರೆ ಒಳ್ಳೆಯದು ಎಂದು ಕೇಳಬೇಕಿತ್ತು. ಈ ವಾರ ಹದಿನೈದು ನಿಮಿಷ ಫೋನ್‌ನಲ್ಲಿ ಮಾತನಾಡಬಹುದೇ?’ ಹತ್ತು ಜನರಿಗೆ ಕಳುಹಿಸಿದರೆ ಕೆಲವರು ಉತ್ತರಿಸುವುದಿಲ್ಲ. ಉತ್ತರಿಸಿದವರ ಮಾತಿನ ಕೊನೆಯಲ್ಲಿ ‘ಇನ್ನು ಯಾರ ಜೊತೆ ಮಾತನಾಡಿದರೆ ಒಳ್ಳೆಯದು?’ ಎಂದು ಕೇಳಲು ಮರೆಯಬೇಡಿ.

ಈಗ ಆಯ್ಕೆಗಳಿಗೆ ಬರುತ್ತೇನೆ.

ಕಂಪನಿಯ ಕೆಲಸ. ಬೇಡ ಎನ್ನುವ ಮೊದಲು ಬಾಂಡನ್ನು ಪೂರ್ತಿ ಓದಿ, ಸಾಲು ಸಾಲಾಗಿ. ಕಟ್ಟಬೇಕಾದ ಹಣ ತಿಂಗಳು ಕಳೆದಂತೆ ಇಳಿಯುತ್ತದೆಯೇ? ನ್ಯಾಯವಾಗಿ ಇಳಿಯಬೇಕು, 24 ತಿಂಗಳಲ್ಲಿ 12 ದುಡಿದವರು ಐದು ತಿಂಗಳ ಸಂಬಳವನ್ನಲ್ಲ, ಎರಡೂವರೆ ತಿಂಗಳದ್ದನ್ನು ಕಟ್ಟಬೇಕು. ಕಂಪನಿಯೇ ತೆಗೆದುಹಾಕಿದರೂ ನೀವು ಹಣ ಕಟ್ಟಬೇಕೆಂದು ಬರೆದಿದೆಯೇ? ಬರೆದಿದ್ದರೆ ಸಹಿ ಹಾಕಲೇಬೇಡಿ. ಕೊಡುವ ತರಬೇತಿ ಎಷ್ಟು ದಿನದ್ದು, ಬೇರೆ ಕಡೆಯೂ ಉಪಯೋಗಕ್ಕೆ ಬರುವಂಥದ್ದೇ, ಇಲ್ಲವೇ ಅವರ ಕಂಪ್ಯೂಟರ್‌ನಲ್ಲಿ ಯಾವ ಗುಂಡಿ ಒತ್ತಬೇಕೆಂಬುದಷ್ಟೇ? ಬಿಟ್ಟ ಮೇಲೆ ಇಂಥ ಕಂಪನಿಗೆ ಸೇರಬಾರದು ಎಂಬ ಷರತ್ತು ಇದೆಯೇ? ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುತ್ತೇವೆ ಎಂದರೆ ಅಲ್ಲಿಂದಲೇ ಎದ್ದು ಬನ್ನಿ. ಪರಿಶೀಲನೆಗೆ ತೋರಿಸಬಹುದು, ಒಪ್ಪಿಸಬಾರದು. ಇಂಥ ಒಪ್ಪಂದ ನ್ಯಾಯಾಲಯದಲ್ಲಿ ಎಷ್ಟು ನಿಲ್ಲುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬೇರೆ, ಆದ್ದರಿಂದ ಒಬ್ಬ ವಕೀಲರಿಗೆ ತೋರಿಸುವ ಖರ್ಚು ದಂಡವಲ್ಲ.

ಓದಿದ ಮೇಲೆ ಎಚ್‌ಆರ್‌ನವರನ್ನು ಎರಡು ಮಾತು ಕೇಳಿ. ಅವಧಿಯನ್ನು ಒಂದು ವರ್ಷಕ್ಕೆ ಇಳಿಸುತ್ತೀರಾ, ಮತ್ತು ಈ ವಿಭಾಗದಿಂದ ದತ್ತಾಂಶ ವಿಶ್ಲೇಷಣೆಯ ವಿಭಾಗಕ್ಕೆ ಕಳೆದ ವರ್ಷ ಯಾರಾದರೂ ಹೋಗಿದ್ದಾರೆಯೇ. ‘ಇಲ್ಲಿ ಬೆಳವಣಿಗೆಗೆ ಬಹಳ ಅವಕಾಶವಿದೆ’ ಎಂಬ ಉತ್ತರ ಬಂದರೆ ಯಾರೂ ಹೋಗಿಲ್ಲ ಎಂದು ತಿಳಿಯಿರಿ. ‘ಹೌದು, ಇಬ್ಬರು ಹೋದರು, ಬೇಕಾದರೆ ಮಾತನಾಡಿಸುತ್ತೇವೆ’ ಎಂದರೆ ನಾನು ಈವರೆಗೆ ಹೇಳಿದ್ದರ ತೂಕ ಬದಲಾಗುತ್ತದೆ. ಆಗ ಅದು ಬೇರೆಯೇ ಕೆಲಸ.

ಇಂಟರ್ನ್‌ಶಿಪ್. ನನ್ನ ಒಲವು ಇತ್ತ ಕಡೆ. ಆದರೆ ಇದರ ಅಪಾಯಗಳು ಸಣ್ಣವಲ್ಲ. ಸಣ್ಣ ಸಂಸ್ಥೆಗಳಲ್ಲಿ ಇಂಟರ್ನ್ ಎಂದರೆ ಜೆರಾಕ್ಸ್ ಮಾಡಿಸುವವರು, ಸಭೆಗೆ ಕುರ್ಚಿ ಜೋಡಿಸುವವರು ಎಂದುಕೊಂಡ ಜಾಗಗಳಿವೆ. ಆರು ತಿಂಗಳಾದ ಮೇಲೆ ‘ಇನ್ನೂ ಮೂರು ತಿಂಗಳು ಇರಿ, ನೋಡೋಣ’ ಎಂದು ಎಳೆಯುವವರಿದ್ದಾರೆ. ಸೇರುವ ಮೊದಲು ನನ್ನ ಕೆಲಸ ನೋಡಿ ತಿದ್ದುವವರು ಯಾರು, ಆರು ತಿಂಗಳ ಕೊನೆಯಲ್ಲಿ ನಾನು ಮಾಡಿದ್ದು ಎಂದು ತೋರಿಸಬಹುದಾದದ್ದು ಏನಿರುತ್ತದೆ, ವರದಿಯಲ್ಲಿ ನನ್ನ ಹೆಸರು ಬರುತ್ತದೆಯೇ, ಹಿಂದಿನ ಇಂಟರ್ನ್‌ಗಳು ಈಗ ಎಲ್ಲಿದ್ದಾರೆ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಅವರು ತಡವರಿಸದೆ ಉತ್ತರಿಸಿದರೆ ಅದು ಒಳ್ಳೆಯ ಜಾಗ. ಪ್ರಶ್ನಾವಳಿ ರೂಪಿಸುವುದು, ಮಾದರಿ ಆರಿಸುವುದು, ತಪ್ಪು ತುಂಬಿದ ದತ್ತಾಂಶವನ್ನು ಶುದ್ಧ ಮಾಡುವುದು, ಸ್ಪ್ರೆಡ್‌ಶೀಟ್ ಮತ್ತು ಸಂಖ್ಯಾಶಾಸ್ತ್ರದ ತಂತ್ರಾಂಶ ಬಳಸುವುದು, ಇವು ಮಾರುಕಟ್ಟೆ ಸಂಶೋಧನೆಯಿಂದ ಹಿಡಿದು ಬ್ಯಾಂಕುಗಳವರೆಗೆ ಎಲ್ಲಿಗೆ ಹೋದರೂ ನಡೆಯುವ ವಿದ್ಯೆಗಳು. ಮೇಲೆ ಹೇಳಿದ, ಹೊಸ ಪದವೀಧರರ ಕಾಲ್ಪನಿಕ ರೆಸ್ಯೂಮ್‌ಗಳ ಪ್ರಯೋಗದಲ್ಲೂ ಇಂಟರ್ನ್‌ಶಿಪ್ ಮಾಡಿದ್ದವರಿಗೆ ಬಂದ ಕರೆಗಳು ಶೇ 14ರಷ್ಟು ಹೆಚ್ಚು ಎಂದು ಕಂಡಿತ್ತು.

ಸೇರಿದರೆ ನಾಲ್ಕನೇ ತಿಂಗಳಿಂದಲೇ ಮುಂದಿನ ಕೆಲಸ ಹುಡುಕಲು ಶುರು ಮಾಡಿ. ಆರನೇ ತಿಂಗಳಲ್ಲಿ ಹುಡುಕುವವರು ಮತ್ತೆ ಖಾಲಿ ಕೂರುತ್ತಾರೆ, ಆಮೇಲೆ ಇಂಟರ್ನ್‌ಶಿಪ್ ವ್ಯರ್ಥವಾಯಿತೆನ್ನುತ್ತಾರೆ.

ಸ್ನಾತಕೋತ್ತರ ಪದವಿ. ನಿಮ್ಮ ತಂದೆಯವರ ಮಾತು ತಪ್ಪಲ್ಲ. ಕಾಲೇಜಿನಲ್ಲಿ ಪಾಠ ಹೇಳಬೇಕು, ಸಂಶೋಧನಾ ಸಂಸ್ಥೆಗಳಲ್ಲಿ ಅರ್ಥಶಾಸ್ತ್ರಜ್ಞರಾಗಿ ದುಡಿಯಬೇಕು ಎಂದರೆ ಆ ಪದವಿ ಬೇಕೇ ಬೇಕು. ಆದರೆ ಕೆಲಸ ಸಿಗಲಿಲ್ಲ ಎಂಬ ಕಾರಣಕ್ಕೆ ಸೇರಿದರೆ ಇದೇ ಪತ್ರವನ್ನು ಎರಡು ವರ್ಷದ ನಂತರ, ಸಾಲದ ಕಂತಿನ ಸಮೇತ ಬರೆಯಬೇಕಾಗುತ್ತದೆ. ಆ ಪದವಿ ಇಲ್ಲದೆ ಸಿಗದ, ನಿಮಗೆ ಬೇಕಾದ ಎರಡು ಹುದ್ದೆಗಳ ಹೆಸರನ್ನು ಕಾಗದದ ಮೇಲೆ ಬರೆಯಲು ಸಾಧ್ಯವೇ ನೋಡಿ. ಆಗದಿದ್ದರೆ ಈ ವರ್ಷ ಬೇಡ. ಬರೆಯಲು ಸಾಧ್ಯವಾದರೆ, ಆಯಾ ಕೋರ್ಸ್ ಮುಗಿಸಿ ಒಂದು ವರ್ಷವಾದವರನ್ನು ಹುಡುಕಿ ಅವರ ನಿಜವಾದ ಸಂಬಳ ಕೇಳಿ, ತಿಂಗಳ ಕಂತಿನ ಪಕ್ಕದಲ್ಲಿಟ್ಟು ನೋಡಿ. ಕಾಲೇಜಿನ ಕರಪತ್ರದಲ್ಲಿರುವುದು ಅತಿ ಹೆಚ್ಚು ಸಂಬಳ ಪಡೆದವರ ಫೋಟೊ. ಎಷ್ಟೋ ಸಾಲಗಳಲ್ಲಿ ಓದುವ ಅವಧಿಯಲ್ಲೇ ಬಡ್ಡಿ ಏರುತ್ತಿರುತ್ತದೆ, ಅದನ್ನೂ ಕೇಳಿ ತಿಳಿದುಕೊಳ್ಳಿ. ಓದುವ ಅವಕಾಶ ಮುಂದಿನ ವರ್ಷವೂ ಇರುತ್ತದೆ. ಆಗ ನಿಮ್ಮ ಅರ್ಜಿಯಲ್ಲಿ ಸಮೀಕ್ಷೆಯ ಅನುಭವದ ಒಂದು ಸಾಲು ಹೆಚ್ಚಿಗೆ ಇರುತ್ತದೆ.

ಮೂರನ್ನೂ ಬಿಟ್ಟು ಹೀಗೆಯೇ ಕಾಯುವುದನ್ನು ನಾನು ಒಪ್ಪುವುದಿಲ್ಲ. ಗ್ಯಾಪ್ ಕಾರಣಕ್ಕಲ್ಲ, ಮಾರಿಯೆಂತಾಲ್ ಕಾರಣಕ್ಕೆ.

ನಿಮ್ಮ ಪತ್ರದಲ್ಲಿಲ್ಲದ ಒಂದು ವಿಷಯದ ಮೇಲೆ ಎಲ್ಲವೂ ನಿಂತಿದೆ: ನಿಮ್ಮ ಸಂಬಳ ಮನೆಗೆ ಈಗಲೇ ಬೇಕೇ? ಬೇಡವೆಂದಾದರೆ ಇಂಟರ್ನ್‌ಶಿಪ್‌ಗೆ ಸೇರಿ. ಬೇಕೇ ಬೇಕು ಎಂದಾದರೆ ನನ್ನ ಒಲವಿಗೆ ಬೆಲೆ ಇಲ್ಲ. ಬಾಂಡಿನ ಷರತ್ತುಗಳನ್ನು ಸಾಧ್ಯವಾದಷ್ಟು ಇಳಿಸಿಕೊಂಡು ಕಂಪನಿಗೆ ಸೇರಿ, ಸಂಜೆ ಅಥವಾ ರಜಾದಿನಗಳಲ್ಲಿ ದತ್ತಾಂಶದ ಕೆಲಸ ಕಲಿಯಿರಿ, ಮತ್ತು ಮೊದಲ ಸಂಬಳದಿಂದಲೇ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿ. ಉಳಿತಾಯ ಎಂದು ಯೋಚಿಸಬೇಡಿ, ಅದು ಬಾಂಡಿನಿಂದ ಬಿಡುಗಡೆಯ ಹಣ. ಅಲ್ಲಿ ಕಟ್ಟಬೇಕಾದ ಮೊತ್ತ ಇಳಿಯುತ್ತ ಬಂದು, ಇಲ್ಲಿ ಕೂಡಿಟ್ಟದ್ದು ಏರುತ್ತ ಹೋಗಿ, ಎರಡೂ ಸಮವಾದ ತಿಂಗಳಲ್ಲಿ ನೀವು ಬೇಕಾದಲ್ಲಿಗೆ ಹೋಗಬಹುದು.

ತಂದೆಯವರ ಜೊತೆ ಮಾತನಾಡುವಾಗ ಇಂಟರ್ನ್‌ಶಿಪ್ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ಇಳಿಯಬೇಡಿ. ಅವರಿಗಿರುವುದು ನೀವು ಹೀಗೆಯೇ ಉಳಿದುಬಿಡುತ್ತೀರೇನೋ ಎಂಬ ಭಯ. ಆರು ತಿಂಗಳಿಗೆ ಎಷ್ಟು ಖರ್ಚು, ಯಾವ ತಾರೀಖಿಗೆ ಮುಗಿಯುತ್ತದೆ, ಅಷ್ಟರೊಳಗೆ ಕೆಲಸವಾಗದಿದ್ದರೆ ಯಾವ ಸ್ನಾತಕೋತ್ತರ ಕೋರ್ಸಿಗೆ ಯಾವಾಗ ಅರ್ಜಿ ಹಾಕುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಕೊನೆಯ ದಿನಾಂಕ ಬರೆದಿರುವ ಯೋಜನೆಯನ್ನು ಹೆತ್ತವರು ಸುಲಭವಾಗಿ ಒಪ್ಪುತ್ತಾರೆ.

ಹತ್ತು ದಿನಗಳಲ್ಲಿ ಮೊದಲ ಎರಡು ದಿನ ಬಾಂಡ್ ಓದಲು ಮತ್ತು ವಕೀಲರಿಗೆ ತೋರಿಸಲು. ಆಮೇಲೆ ಎರಡೂ ಕಡೆಯವರಿಗೆ ಮೇಲಿನ ಪ್ರಶ್ನೆಗಳನ್ನು ಇಮೇಲ್‌ನಲ್ಲಿ ಕಳುಹಿಸಿ; ಫೋನ್‌ನಲ್ಲಿ ಕೊಟ್ಟ ಮಾತನ್ನು ಆಮೇಲೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಸಮಯ ಸಾಲದಿದ್ದರೆ ಕಂಪನಿಯನ್ನು ಇನ್ನೊಂದು ವಾರ ಕೇಳಿ, ವಿನಯವಾಗಿ ಬರೆದರೆ ಸಾಮಾನ್ಯವಾಗಿ ಕೊಡುತ್ತಾರೆ. ಮತ್ತು ಆರು ತಿಂಗಳ ಅವಧಿ, ಕೊಡುವ ಹಣ, ಸೇರುವ ದಿನಾಂಕ ಮೂರೂ ಇರುವ ಪತ್ರ ಸಮೀಕ್ಷೆಯ ಸಂಸ್ಥೆಯಿಂದ ನಿಮ್ಮ ಕೈಗೆ ಬರುವವರೆಗೂ ಕಂಪನಿಗೆ ಬೇಡವೆನ್ನಬೇಡಿ.